ಪದಚರ್ಚೆ: ಎಲೆಕ್ಟ್ರಿಕ್ ಸೈಕಲ್ಲಿನ ಬ್ಯಾಟರಿಯಿಂದ ರೇಡಾರ್‌ಗೂ ದೀಪಗಳಿಗೂ ‘ನೇರವಾಗಿ’ ವಿದ್ಯುತ್ ಕೊಡುವುದು

ಮಾನ್ಯರೇ,

ಎಲೆಕ್ಟ್ರಿಕ್ ಸೈಕಲ್ಲಿಗೆ, ಹಿಂದಿನಿಂದ ಬರುವ ವಾಹನಗಳ ಸುಳಿವು ಕೊಡುವ ಹಿಂಬದಿ ರೇಡಾರನ್ನೂ ದೀಪಗಳನ್ನೂ ಅಳವಡಿಸಿ, ಅವಕ್ಕೆ ಬೇಕಾದ ವಿದ್ಯುತ್ತನ್ನು ಸೈಕಲ್ಲಿನ ದೊಡ್ಡ ಬ್ಯಾಟರಿಯಿಂದಲೇ ಪಡೆಯುವ ಬಗೆಯನ್ನು ವಿವರಿಸುವ ಕಿರುಕೈಪಿಡಿಯೊಂದನ್ನು, ಬೆಂಗಳೂರಿನ ಸೈಕಲ್ ಅಂಗಡಿಗಳ ಕೆಲಸಗಾರರನ್ನು ಗಮನದಲ್ಲಿಟ್ಟುಕೊಂಡು, ಕನ್ನಡದಲ್ಲಿ ಸಿದ್ಧಪಡಿಸುತ್ತಿದ್ದೇನೆ. ಅದರಲ್ಲಿ ಬರುವ ಕೆಲವು ಪದಗಳ ಅರ್ಥ ಮತ್ತು ಬಳಕೆಯ ಬಗ್ಗೆ ತಮ್ಮ ಅಭಿಪ್ರಾಯ ಬೇಕಾಗಿದೆ. ಹೊಸ ಪಾರಿಭಾಷಿಕ ಪದಗಳನ್ನು ಟಂಕಿಸುವ ಉದ್ದೇಶ ನನಗಿಲ್ಲ. ಕೈಯಲ್ಲಿ ಸ್ಕ್ರೂಡ್ರೈವರ್ ಹಿಡಿದುಕೊಂಡು ಓದುವವರು ಒಂದು ಪದವನ್ನು ಬರೆದವರ ಅರ್ಥದಲ್ಲಿಯೇ ಗ್ರಹಿಸುತ್ತಾರೆಯೇ ಎಂಬುದಷ್ಟೇ ಪ್ರಶ್ನೆ. ಇಲ್ಲಿ ಪದ ದಾರಿ ತಪ್ಪಿಸಿದರೆ ಸುಟ್ಟುಹೋಗುವುದು ಸಾವಿರಾರು ರೂಪಾಯಿ ಬೆಲೆಯ ಸಾಮಾನು.

ಎಲ್ಲಕ್ಕಿಂತ ಹೆಚ್ಚು ತೊಡಕಿರುವುದು ‘ನೇರವಾಗಿ’ ಎಂಬ ಪದದಲ್ಲಿ. ಗಾರ್ಮಿನ್ ಕಂಪನಿಯು ಎಲೆಕ್ಟ್ರಿಕ್ ಸೈಕಲ್ಲುಗಳಿಗೆಂದೇ ತಯಾರಿಸಿರುವ ವೇರಿಯಾ ಇಆರ್‌ಟಿಎಲ್ 615 ಎಂಬ ರೇಡಾರ್ ದೀಪವು ಸೈಕಲ್ಲಿನ ಬ್ಯಾಟರಿಯಿಂದ ನೇರವಾಗಿ ವಿದ್ಯುತ್ ಪಡೆಯುತ್ತದೆ ಎಂದು ನಾನು ಬರೆದರೆ, ನನ್ನ ಮಟ್ಟಿಗೆ ಅದರ ಅರ್ಥ, ಅದನ್ನು ಬಿಚ್ಚಿ ಮನೆಯೊಳಕ್ಕೆ ಒಯ್ದು ಬೇರೆಯಾಗಿ ಚಾರ್ಜ್ ಮಾಡಬೇಕಿಲ್ಲ ಎಂದು. ಆದರೆ ಗಾಡಿ ರಿಪೇರಿ ಮಾಡುವವರು ಅದೇ ಪದವನ್ನು ತಮ್ಮ ಮಾತಿನ ‘ಡೈರೆಕ್ಟ್’ ಆಗಿ ಓದಿಕೊಳ್ಳುತ್ತಾರೆ. ಅವರ ‘ಡೈರೆಕ್ಟ್’ ಎಂದರೆ ನಡುವೆ ಸ್ವಿಚ್ಚು, ಫ್ಯೂಸು, ರಿಲೇ ಯಾವುದೂ ಇಲ್ಲದೆ ವೈರಿಗೆ ವೈರು ಸೇರಿಸುವುದು. ‘ಸ್ವಿಚ್ ಹೋಗಿತ್ತು ಸಾರ್, ಸದ್ಯಕ್ಕೆ ಡೈರೆಕ್ಟ್ ಮಾಡಿದೀನಿ’ ಎಂಬ ಮಾತನ್ನು ಈ ಊರಿನಲ್ಲಿ ಗಾಡಿ ಇಟ್ಟುಕೊಂಡವರು ಒಮ್ಮೆಯಾದರೂ ಕೇಳಿರುತ್ತಾರೆ. ಈ ಅರ್ಥದಲ್ಲಿ ‘ಬ್ಯಾಟರಿಯಿಂದ ಡೈರೆಕ್ಟ್’ ಕೊಟ್ಟದ್ದೇ ಆದರೆ, ಯುಎಸ್‌ಬಿಯ 5 ವೋಲ್ಟ್‌ಗೆಂದು ಮಾಡಿದ ಸಾಮಾನ್ಯ ರೇಡಾರ್ ಒಂದಕ್ಕೆ 36 ಅಥವಾ 48 ವೋಲ್ಟ್ ಬ್ಯಾಟರಿಯನ್ನೇ ಕಟ್ಟಿದಂತಾಗುತ್ತದೆ. ಬಾಶ್, ಶಿಮಾನೊ ಮುಂತಾದವರ ಮೋಟಾರುಗಳಲ್ಲಿ ದೀಪಕ್ಕೆಂದೇ ಬಿಟ್ಟಿರುವ ಕನೆಕ್ಷನ್‌ನಲ್ಲಿ ವೋಲ್ಟೇಜನ್ನು ಒಳಗೇ 6 ಅಥವಾ 12ಕ್ಕೆ ಇಳಿಸಿ ಕೊಟ್ಟಿರುತ್ತಾರೆ. ಅಲ್ಲಿಂದ ತೆಗೆದುಕೊಂಡರೂ ಜಾಹೀರಾತಿನ ಭಾಷೆಯಲ್ಲಿ ಅದು ‘ನೇರ’ವೇ, ಮೆಕ್ಯಾನಿಕ್ಕಿನ ಭಾಷೆಯಲ್ಲಿ ಖಂಡಿತ ಅಲ್ಲ. ಆದ್ದರಿಂದ ಕೈಪಿಡಿಯಲ್ಲಿ ಎಲ್ಲಿಯೂ ‘ನೇರವಾಗಿ’ ಎಂದು ಬರೆಯಬಾರದು, ಎಚ್ಚರಿಕೆಯ ಸಾಲಿನಲ್ಲಿ ಮಾತ್ರ ‘ಡೈರೆಕ್ಟ್ ಕೊಡಬೇಡಿ’ ಎಂದೇ ಬರೆಯಬೇಕು ಎಂಬುದು ನನ್ನ ಸದ್ಯದ ನಿಲುವು.

ಇದರ ಬೆನ್ನಿಗೇ ಬರುವುದು ಕ್ರಿಯಾಪದದ ಪ್ರಶ್ನೆ. ‘ಪೂರೈಸು’ ಎಂಬುದು ಅಚ್ಚುಕಟ್ಟಾಗಿದೆ, ಆದರೆ ಅದರಲ್ಲಿ ವೈರು ಕಾಣುವುದಿಲ್ಲ. ‘ಸರಬರಾಜು’ ಎಂದೊಡನೆ ಬೆಂಗಳೂರಿನ ಓದುಗರಿಗೆ ನೆನಪಾಗುವುದು ಬೆಸ್ಕಾಂ, ಅರ್ಥಾತ್ ಬೆಂಗಳೂರು ವಿದ್ಯುತ್ ಸರಬರಾಜು ಕಂಪನಿ ಮತ್ತು ಅದರ ಬಿಲ್ಲು. ‘ಊಡಿಸು’, ‘ಉಣಿಸು’ ಎಂಬ ಸಲಹೆಗಳೂ ಬಂದಿವೆ. ಕವಿತೆಗೆ ಚೆನ್ನ, ಫ್ಯೂಸಿನ ಪಕ್ಕದಲ್ಲಿ ಅವು ನಿಲ್ಲಲಾರವು. ವೈರಿಂಗ್ ಕೆಲಸದವರು ದಿನವಿಡೀ ಆಡುವ ಮಾತು ‘ಲೈನ್ ತೆಗೆಯುವುದು’ ಮತ್ತು ‘ಕೊಡುವುದು’. ಈ ಎರಡೇ ಕ್ರಿಯಾಪದಗಳನ್ನು ಪೋಣಿಸಿ, ‘ಬ್ಯಾಟರಿಯಿಂದ ಲೈನ್ ತೆಗೆದು, ಫ್ಯೂಸ್ ಹಾಯಿಸಿ, ಕನ್ವರ್ಟರ್‌ಗೆ ಕೊಟ್ಟು, ಅಲ್ಲಿಂದ ಬರುವ 5 ವೋಲ್ಟನ್ನು ರೇಡಾರ್‌ಗೆ ಕೊಡಬೇಕು’ ಎಂದು ಬರೆದಾಗ, ಯಾವುದು ಮೊದಲು ಯಾವುದು ಆಮೇಲೆ ಎಂಬುದು ‘ತೆಗೆದು’, ‘ಹಾಯಿಸಿ’, ‘ಕೊಟ್ಟು’ ಎಂಬ ಕೃದಂತಗಳಿಂದಲೇ ತಿಳಿದುಬಿಡುತ್ತದೆ. ಚಿತ್ರ ಇಲ್ಲದಿದ್ದರೂ ನಡೆಯುತ್ತದೆ. (ಕನ್ವರ್ಟರ್ ಎಂದರೆ ಬ್ಯಾಟರಿಯ ವೋಲ್ಟೇಜನ್ನು ಇಳಿಸಿ ಕೊಡುವ ಸಾಧನ.) ಶಿಷ್ಟ ಬರವಣಿಗೆಯಲ್ಲಿ ‘ಲೈನ್ ತೆಗೆ’ ಒಪ್ಪಿತವೇ, ಅಥವಾ ‘ಲೈನ್ ಕಿತ್ತುಹಾಕು’ ಎಂಬ ತದ್ವಿರುದ್ಧ ಅರ್ಥವನ್ನು ಅದು ಯಾರಿಗಾದರೂ ಕೊಡುತ್ತದೆಯೇ ಎಂಬುದನ್ನು ತಿಳಿದವರು ಹೇಳಬೇಕು. ನನಗೆ ಆ ಅನುಮಾನ ಪೂರ್ತಿ ಹೋಗಿಲ್ಲ.

ಎರಡನೆಯ ದೊಡ್ಡ ತೊಡಕು ‘36 ವೋಲ್ಟ್ ಬ್ಯಾಟರಿ’ ಎಂಬ ಮಾತಿನ ಅರ್ಥದ್ದು. ಅಂಥ ಬ್ಯಾಟರಿಯಲ್ಲಿ 10 ಲೀಥಿಯಂ ಅಯಾನ್ ಸೆಲ್ಲುಗಳು ಒಂದರ ಹಿಂದೊಂದು ಸಾಲಾಗಿ ಜೋಡಣೆಯಾಗಿರುತ್ತವೆ. ಒಂದೊಂದರ ಮೇಲೆ ನಮೂದಾಗಿರುವುದು ಸುಮಾರು 3.6 ವೋಲ್ಟ್ ಆದರೂ, ಪೂರ್ತಿ ಚಾರ್ಜ್ ಆದಾಗ ಅದು 4.2ರ ತನಕ ಏರುತ್ತದೆ. ಅಂದರೆ ಬೆಳಿಗ್ಗೆ ಚಾರ್ಜರಿನಿಂದ ತೆಗೆದ ‘36 ವೋಲ್ಟ್’ ಬ್ಯಾಟರಿ ನಿಜದಲ್ಲಿ 42 ವೋಲ್ಟ್ ತೋರಿಸುತ್ತದೆ, ಖಾಲಿಯಾಗುವ ಹೊತ್ತಿಗೆ 30ರ ಆಸುಪಾಸಿಗೆ ಬರುತ್ತದೆ. 13 ಸೆಲ್ಲುಗಳ ‘48 ವೋಲ್ಟ್’ ಬ್ಯಾಟರಿ 54.6ರ ವರೆಗೆ ಹೋಗುತ್ತದೆ. ಎಸ್.ಪಿ. ರಸ್ತೆಯ ಅಂಗಡಿಗಳಲ್ಲಿ ಅಗ್ಗಕ್ಕೆ ದೊರೆಯುವ, ಎಲ್‌ಎಂ 2596 ಚಿಪ್ ಇರುವ ಬೆರಳುದ್ದದ ಕನ್ವರ್ಟರ್ ಬೋರ್ಡುಗಳ ಮಿತಿ 40 ವೋಲ್ಟ್. ಮೂವತ್ತಾರಕ್ಕಿಂತ ನಲವತ್ತು ಹೆಚ್ಚು, ಸಾಕು ಎಂದು ಕೊಂಡೊಯ್ದವರಿಗೆ ತೊಂದರೆಯಾಗುವುದು ಈ ಎರಡು ವೋಲ್ಟಿನ ಅಂತರದಲ್ಲಿ.

ಈ ಲೇಬಲ್ಲಿನ ವೋಲ್ಟೇಜಿಗೆ ಕನ್ನಡದಲ್ಲಿ ಏನೆನ್ನಬೇಕು? ಕೆಲವು ಅನುವಾದಗಳಲ್ಲಿ ‘ನಾಮಮಾತ್ರ ವೋಲ್ಟೇಜ್’ ಎಂದು ಕಾಣಿಸಿಕೊಳ್ಳುತ್ತದೆ. ನಮ್ಮಲ್ಲಿ ನಾಮಮಾತ್ರ ಎಂದರೆ ಹೆಸರಿಗಷ್ಟೇ ಇರುವುದು, ಲೆಕ್ಕಕ್ಕಿಲ್ಲದ್ದು. ನಾಮಮಾತ್ರ ಶುಲ್ಕ, ನಾಮಮಾತ್ರ ಅಧ್ಯಕ್ಷ ಎಂದೆಲ್ಲ ಬಳಸುತ್ತೇವೆ. ‘ನಾಮಮಾತ್ರ 36 ವೋಲ್ಟ್’ ಎಂದು ಓದಿದವರು ಇದೇನು ಮಹಾ, ಮುಟ್ಟಿದರೂ ಆದೀತು ಎಂದುಕೊಂಡರೆ ತಪ್ಪು ಅವರದಲ್ಲ. ‘ನಮೂದಿತ ವೋಲ್ಟೇಜ್’ ಎಂಬುದು ನನಗೆ ಹಿಡಿಸಿದೆ. ‘ಹೆಸರಿಗೆ 36, ತುಂಬಿದಾಗ 42’ ಎಂಬ ಆಡುಮಾತಿನ ಸಾಲೂ ಚೆನ್ನಾಗಿಯೇ ಇದೆ, ಕೈಪಿಡಿಗೆ ಅದು ತೀರ ಸಲೀಸಾಯಿತೆಂದು ಕೆಲವರಿಗೆ ಅನ್ನಿಸಬಹುದು.

ಅದೇ ಅಂಗಡಿಗಳ ಇನ್ನೊಂದು ಮಾತನ್ನೂ ಇಲ್ಲಿಯೇ ಕೇಳಿಬಿಡುತ್ತೇನೆ. ರಾಳ ಸುರಿದು ಮುಚ್ಚಿದ, ಒಂದು ಕಡೆ ಕೆಂಪು ಮತ್ತು ಕಪ್ಪು ವೈರು, ಇನ್ನೊಂದು ಕಡೆ ಯುಎಸ್‌ಬಿ ಕಿಂಡಿ ಇರುವ ಕನ್ವರ್ಟರನ್ನು ಕೈಗಿಡುತ್ತಾ ಅಂಗಡಿಯವರು ‘ಇದು 60 ವೋಲ್ಟ್ ತಡೆಯುತ್ತೆ’ ಎನ್ನುತ್ತಾರೆ. ಅವರ ಮಾತಿನಲ್ಲಿ ತಡೆಯುವುದು ಎಂದರೆ ತಾಳಿಕೊಳ್ಳುವುದು. ಅದನ್ನೇ ಅಚ್ಚಿನಲ್ಲಿ ಓದಿದವರು 60 ವೋಲ್ಟನ್ನು ಅಡ್ಡಗಟ್ಟುತ್ತದೆ, ಮುಂದಕ್ಕೆ ಬಿಡುವುದಿಲ್ಲ ಎಂದು ತಿಳಿಯುವ ಸಾಧ್ಯತೆ ಇದೆ. ‘60 ವೋಲ್ಟ್ ತನಕ ತಾಳುತ್ತದೆ’ ಎಂದು ಬದಲಿಸಿದ್ದೇನೆ. ಕನ್ವರ್ಟರ್ ಎಂಬುದನ್ನು ಮಾತ್ರ ಹಾಗೆಯೇ ಉಳಿಸಿಕೊಂಡಿದ್ದೇನೆ. ‘ಪರಿವರ್ತಕ’ ಎಂದರೆ ಪತ್ರಿಕೆ ಓದುವ ಯಾರಿಗಾದರೂ ಬೀದಿ ಕೊನೆಯ ಕಂಬದ ಮೇಲಿನ ಟ್ರಾನ್ಸ್‌ಫಾರ್ಮರ್, ಹಳ್ಳಿಯವರ ಟಿಸಿ. ಬ್ಯಾಟರಿಯ ಡಿ.ಸಿ. ವಿದ್ಯುತ್ತಿನಲ್ಲಿ ಅದು ಕೆಲಸವನ್ನೇ ಮಾಡದು. ಪಠ್ಯಪುಸ್ತಕದ ‘ವಿಭವಾಂತರ’ಕ್ಕೂ ಕೈಮುಗಿದು ‘ವೋಲ್ಟೇಜ್’ ಎಂದೇ ಬರೆದಿದ್ದೇನೆ.

ರೇಡಾರಿನ ಹೆಸರಿನ ಬಗ್ಗೆ. ರಾಡಾರ್, ರೇಡಾರ್ ಎರಡೂ ಪತ್ರಿಕೆಗಳಲ್ಲಿ ನಡೆಯುತ್ತವೆ. ಜಾಲಹಳ್ಳಿಯಲ್ಲಿ ರೇಡಾರ್ ತಯಾರಿಸುವ ಬಿಇಎಲ್, ಸಿ.ವಿ. ರಾಮನ್ ನಗರದಲ್ಲಿ ರಕ್ಷಣಾ ಇಲಾಖೆಯ ರೇಡಾರ್ ಸಂಶೋಧನಾಲಯ ಇರುವ ಊರಿನಲ್ಲಿ ಆ ಪದವನ್ನು ಬಿಡಿಸಿ ಹೇಳುವ ಅಗತ್ಯವಿಲ್ಲ. ಸಮಸ್ಯೆ ಅದರ ವಿಶೇಷಣದಲ್ಲಿದೆ. ‘ಹಿನ್ನೋಟ ರೇಡಾರ್’ ಎಂಬ ಸಲಹೆ ಬಂದಿತ್ತು. ಕನ್ನಡದಲ್ಲಿ ಹಿನ್ನೋಟ ಎಂದರೆ ಡಿಸೆಂಬರ್ ಕೊನೆಯ ಪತ್ರಿಕೆಗಳು ಪ್ರಕಟಿಸುವ ವರ್ಷದ ಹಿನ್ನೋಟ. ಅದು ಕಾಲಕ್ಕೆ ಸೇರಿದ್ದೇ ಹೊರತು ರಸ್ತೆಗೆ ಅಲ್ಲ. ಮೇಲಾಗಿ ಈ ಉಪಕರಣ ನೋಟವನ್ನು ತೋರಿಸುವುದೂ ಇಲ್ಲ. ಹಿಂದಕ್ಕೆ ರೇಡಿಯೋ ಅಲೆಗಳನ್ನು ಕಳಿಸಿ, ಮರಳಿ ಬಂದ ಅಲೆಗಳಿಂದ ವಾಹನದ ದೂರವನ್ನೂ ಅದು ಹತ್ತಿರವಾಗುತ್ತಿರುವ ವೇಗವನ್ನೂ ಲೆಕ್ಕ ಹಾಕಿ, ಹ್ಯಾಂಡಲ್ ಮೇಲಿನ ತೆರೆಯಲ್ಲಿ ಒಂದು ಚುಕ್ಕಿಯನ್ನು ಮೇಲೇರಿಸುತ್ತದೆ. ಮೇಲೆ ಹೇಳಿದ ವೇರಿಯಾ ಇಆರ್‌ಟಿಎಲ್ 615ರ ವ್ಯಾಪ್ತಿ 140 ಮೀಟರಿನ ತನಕ ಎಂದು ಕಂಪನಿ ಹೇಳುತ್ತದೆ. ಸೈಕಲ್ಲಿನಷ್ಟೇ ವೇಗದಲ್ಲಿ ಹಿಂದೆಯೇ ಬರುತ್ತಿರುವ ಆಟೋವನ್ನು ಇದು ಗುರುತಿಸದೇ ಇರಬಹುದು. ಕನಕಪುರ ರಸ್ತೆಯಲ್ಲಿ ಊರಿನ ಹೊರಗೆ ಇದರ ಬೆಲೆ ತಿಳಿಯುತ್ತದೆ, ಸಿಲ್ಕ್ ಬೋರ್ಡಿನ ಸಂಜೆಯ ದಟ್ಟಣೆಯಲ್ಲಿ ಅಲ್ಲ. ‘ಹಿಂಬದಿ ರೇಡಾರ್’ ಎಂದಿಟ್ಟುಕೊಂಡಿದ್ದೇನೆ. ‘ರಿವರ್ಸ್ ರೇಡಾರ್’ ಬೇಡ, ಅದು ಕಾರು ಹಿಂದಕ್ಕೆ ತೆಗೆಯುವಾಗ ಬೀಪ್ ಎನ್ನುವ ಸೆನ್ಸರಿಗೆ ಹೋಗುತ್ತದೆ.

‘ಹಿಂಬದಿ’ಯನ್ನೇ ಆರಿಸಲು ಇನ್ನೊಂದು ಕಾರಣವೂ ಇದೆ. ‘ಹಿಂದಿನ ದೀಪವನ್ನು ತೆಗೆದು ಹೊಸದನ್ನು ಕೂರಿಸಿ’ ಎಂಬ ವಾಕ್ಯದಲ್ಲಿ ತೆಗೆಯಬೇಕಾದದ್ದು ಸೀಟಿನ ಕೆಳಗಿರುವ ಕೆಂಪು ದೀಪವೇ, ಅಥವಾ ಮೊದಲು ಇದ್ದ ಹಳೆಯ ದೀಪವೇ? ಮುಂದಿನ ದೀಪಕ್ಕೂ ಇದೇ ಗತಿ: ಹ್ಯಾಂಡಲ್ ಮೇಲಿನದ್ದೋ, ಇನ್ನು ಜೋಡಿಸಬೇಕಾದದ್ದೋ? ಕಾಲಕ್ಕೂ ಜಾಗಕ್ಕೂ ಒಂದೇ ಪದ ಇರುವ ಭಾಷೆಯಲ್ಲಿ ಕೈಪಿಡಿ ಬರೆಯುವವರು ‘ಮುಂಬದಿ’, ‘ಹಿಂಬದಿ’ಗಳನ್ನು ಕಡ್ಡಾಯ ಮಾಡಿಕೊಳ್ಳುವುದೇ ಲೇಸು.

‘ಎಲೆಕ್ಟ್ರಿಕ್ ಬೈಕ್’ ಬಗ್ಗೆ ಹೆಚ್ಚು ಹೇಳಬೇಕಿಲ್ಲ. ಬೆಂಗಳೂರಿನಲ್ಲಿ ಬೈಕ್ ಎಂದರೆ ಮೋಟಾರ್ ಸೈಕಲ್. ಮೋಟಾರು 250 ವಾಟ್‌ಗಿಂತ ಕಡಿಮೆ ಇದ್ದು, ವೇಗ ಗಂಟೆಗೆ 25 ಕಿ.ಮೀ. ಮೀರದ, ನೋಂದಣಿ ಬೇಡದ ತುಳಿಯುವ ಗಾಡಿಗೆ ‘ಎಲೆಕ್ಟ್ರಿಕ್ ಸೈಕಲ್’ ಎನ್ನುವುದೇ ಸರಿ. ಇಲ್ಲದಿದ್ದರೆ, ಒಳಗೇ 12 ವೋಲ್ಟಿನ ದೀಪದ ಲೈನ್ ಇರುವ ಎಲೆಕ್ಟ್ರಿಕ್ ಸ್ಕೂಟರ್‌ಗಳವರು ಈ ಸೂಚನೆಗಳನ್ನು ತಮ್ಮ ಗಾಡಿಗೆ ಹೊಂದಿಸಲು ಹೊರಡುತ್ತಾರೆ.

ಉಳಿದದ್ದು ‘ಚಾರ್ಜ್’ ಮತ್ತು ‘ಸಾಮರ್ಥ್ಯ’. ದೊಡ್ಡ ಬ್ಯಾಟರಿಯಿಂದ ರೇಡಾರನ್ನು ನಡೆಸುವುದಕ್ಕೂ, ರೇಡಾರಿನ ಒಳಗಿರುವ ಪುಟ್ಟ ಬ್ಯಾಟರಿಯನ್ನು ತುಂಬಿಸುವುದಕ್ಕೂ ಜನ ‘ಚಾರ್ಜ್ ಆಗ್ತಾ ಇದೆ’ ಎಂದೇ ಹೇಳುತ್ತಾರೆ. ಕೈಪಿಡಿಯಲ್ಲಿ ಎರಡನೆಯದಕ್ಕೆ ಮಾತ್ರ ಚಾರ್ಜ್ ಎಂದಿದ್ದೇನೆ, ಮೊದಲನೆಯದಕ್ಕೆ ‘ನಡೆಯುತ್ತದೆ’. ‘ಸಾಮರ್ಥ್ಯ’ ಶಾಲೆಯ ಪುಸ್ತಕದಲ್ಲಿ ವಾಟ್, ಬ್ಯಾಟರಿ ಜಾಹೀರಾತಿನಲ್ಲಿ ಆಂಪಿಯರ್ ಅವರ್, ಆದ್ದರಿಂದ ಪದವನ್ನೇ ಬಿಟ್ಟು ಮಾನವನ್ನು ಬರೆಯುವುದು ಸುಲಭ. 36 ವೋಲ್ಟ್, 10 ಆಂಪಿಯರ್ ಅವರ್ ಬ್ಯಾಟರಿಯಲ್ಲಿ 360 ವಾಟ್ ಅವರ್ ಇರುತ್ತದೆ. ದೀಪಗಳೂ ರೇಡಾರೂ ಸೇರಿ 5 ವಾಟ್ ಎಳೆಯುತ್ತವೆ ಎಂದಿಟ್ಟುಕೊಂಡರೆ ನಾಲ್ಕು ಗಂಟೆಗೆ 20 ವಾಟ್ ಅವರ್, ಅಂದರೆ ಹದಿನೆಂಟರಲ್ಲಿ ಒಂದು ಪಾಲು ಖರ್ಚಾಗುತ್ತದೆ.

ಕೊನೆಯದಾಗಿ ಒಂದು ನಿರ್ದಿಷ್ಟ ಕೋರಿಕೆ. ಮೋಟಾರಿನ ನೆರವು ನಿಂತ ಮೇಲೂ ದೀಪಗಳು ಸ್ವಲ್ಪ ಹೊತ್ತು ಉರಿಯಲೆಂದು ಕೆಲವು ಸೈಕಲ್ಲುಗಳು ಬ್ಯಾಟರಿಯಲ್ಲಿ ಒಂದಿಷ್ಟು ಚಾರ್ಜ್ ಉಳಿಸಿಕೊಳ್ಳುತ್ತವೆ. ಇದಕ್ಕೆ ‘ಮೀಸಲು ಚಾರ್ಜ್’ ಎಂದು ಬರೆದಿದ್ದೇನೆ. ಪೆಟ್ರೋಲ್ ಗಾಡಿಯವರ ‘ರಿಸರ್ವ್‌ಗೆ ಬಿತ್ತು’ ಎಲ್ಲರಿಗೂ ಗೊತ್ತಿರುವ ಮಾತಾದರೂ, ರಿಸರ್ವ್‌ನಲ್ಲಿ ಗಾಡಿ ಓಡುತ್ತದೆ, ಇಲ್ಲಿ ದೀಪ ಮಾತ್ರ ಉರಿಯುತ್ತದೆ. ‘ದೀಪದ ಮೀಸಲು’ ಎಂದರೆ ಆ ಗೊಂದಲ ಕಳೆಯುತ್ತದೆಯೇ? ಹುಬ್ಬಳ್ಳಿ, ಕಲಬುರಗಿ, ಮಂಗಳೂರು ಕಡೆಯ ವೈರಿಂಗ್ ಕೆಲಸದವರಲ್ಲಿ ‘ಲೈನ್ ತೆಗೆ’, ‘ಡೈರೆಕ್ಟ್’ ಎಂಬುವಕ್ಕೆ ಬೇರೆ ಮಾತುಗಳಿದ್ದರೆ, ಬಿಡಿ ಪದಕ್ಕಿಂತ ಅವರು ಆಡುವ ಇಡೀ ವಾಕ್ಯವನ್ನೇ ಬರೆದು ಕಳಿಸಿದರೆ ಹೆಚ್ಚು ಉಪಕಾರವಾಗುತ್ತದೆ.