ಅಪ್‌ಡೇಟ್: ಡಾರ್ಟ್‌ಮೂರ್‌ನ ಫರ್ ಟಾರ್‌ಗೆ ಸರಿಯಾದ ದಾರಿ ಸಿಕ್ತು

ಇಂಗ್ಲೆಂಡಿನ ಡಾರ್ಟ್‌ಮೂರ್ ಬಯಲುಗುಡ್ಡದಲ್ಲಿ, ಲೇನ್ ಎಂಡ್ ಅನ್ನೋ ಜಾಗದ ಕಡೆಯಿಂದ ಫರ್ ಟಾರ್ (572 ಮೀ. ಎತ್ತರದ ಬಂಡೆಗಲ್ಲಿನ ಬೆಟ್ಟ) ಹತ್ತಲು ಯಾವ ದಾರಿ ಒಳ್ಳೇದು ಅಂತ ಕೇಳಿದ್ದೆನಲ್ಲ, ಹತ್ತಿ ಬಂದಾಯ್ತು. ಕೆಲಸಕ್ಕೆ ಬಂದದ್ದು ಟೇವಿ ಕ್ಲೀವ್ ಕಣಿವೆ ಮೂಲಕ ಹೋಗಿ ಅನ್ನೋ ಸಲಹೆ: ಮೊದಲು ನೀರ್ಗಾಲುವೆ ಪಕ್ಕದ ಕಾಲುದಾರಿ, ಆಮೇಲೆ ಟೇವಿ ನದಿಯ ಆ ಬಂಡೆಗಲ್ಲಿನ ಕಣಿವೆ, ಸ್ಯಾಂಡಿ ಫೋರ್ಡ್ ಹತ್ತಿರ ಅಮಿಕೂಮ್ ತೊರೆ ದಾಟಿ ಏರು. ಜೋರು ಮಳೆಯ ಮರುದಿನ ಮಾತ್ರ ಆ ತೊರೆಗೆ ಇಳಿಯಬೇಡಿ.

ಕಂಪಾಸ್ ಹಿಡಿದು ನೇರ ರೇಖೆಯಲ್ಲಿ ನಡೆಯೋ ಸಲಹೆ ಆಗಲಿಲ್ಲ. ಮೊಣಕಾಲೆತ್ತರದ ಹುಲ್ಲಿನ ಗುಪ್ಪೆಗಳು, ನಡುನಡುವೆ ಪೀಟ್ (ಅರೆಕೊಳೆತ ಗಿಡಗಳಿಂದಾದ ಜೌಗು ಮಣ್ಣು) ಕೊರಕಲು. ಒಂದೊಂದನ್ನು ಸುತ್ತಿದಾಗಲೂ ದಿಕ್ಕು ಜಾರುತ್ತೆ.

ಗೊತ್ತಿರದಿದ್ದ ಸಂಗತಿ: ಕಟ್ ಹಿಲ್ ಬೆಟ್ಟದ ಕಡೆಗೆ ಪೀಟ್ ಕಡಿದು ಮಾಡಿದ ಹಳೇ ದಾರಿಯಿದೆ, ಗುರುತಿನ ಕಲ್ಲೂ ಇದೆ. ಮಂಜು ಕವಿದರೆ ಅದು ದೊಡ್ಡ ಆಸರೆ.

ಈ ಪ್ರದೇಶ ಸೈನ್ಯದ ಫೈರಿಂಗ್ ರೇಂಜ್ (ಗುಂಡು ಹಾರಿಸೋ ಅಭ್ಯಾಸದ ಜಾಗ). ಹೊರಡೋ ಮೊದಲೇ ಫೈರಿಂಗ್ ವೇಳಾಪಟ್ಟಿ ನೋಡಿ. ಕೆಂಪು ಬಾವುಟ ಹಾರ್ತಿದ್ರೆ ಕೆಂಪು-ಬಿಳಿ ಗಡಿಕಂಬ ದಾಟಲೇಬೇಡಿ.