ಸಮಸ್ಯೆ: ನಡುಹಗಲೇ ರವಿ ಮುಳುಗಿದನು

ಕೊಟ್ಟ ಕೊನೆಯ ಸಾಲಿಗೆ ಹೊಂದುವ ಹಾಗೆ ಮೇಲಿನ ಸಾಲುಗಳನ್ನು ಕಟ್ಟಿ ಪದ್ಯ ಪೂರೈಸುವುದೇ ಸಮಸ್ಯಾಪೂರಣ. ಈ ಸಲದ ಕೊನೆಯ ಸಾಲು:

ನಡುಹಗಲೇ ರವಿ ಮುಳುಗಿದನು

ನಾಲ್ಕು ಸಾಲಿನ ಚೌಪದಿಯಲ್ಲಿ ಪೂರಣ ಬರಲಿ. ಸಾಲಿಗೆ ನಾಲ್ಕು ಮಾತ್ರೆಯ ಮೂರು ಗಣ, ಕೊನೆಗೆ ಎರಡು ಮಾತ್ರೆ. ತುದಿಯ ಲಘುವನ್ನು ಎಳೆದು ಗುರು ಮಾಡಿಕೊಳ್ಳಬಹುದು. ಎರಡನೇ ಅಕ್ಷರಕ್ಕೆ ಡಕಾರದ ಪ್ರಾಸ. ಗ್ರಹಣ ತರುವಂತಿಲ್ಲ, ಮೋಡ ಕವಿಸುವಂತಿಲ್ಲ. ಅವೆರಡೂ ಸವೆದು ಹೋಗಿವೆ. ಧ್ರುವದ ಉದ್ದನೆಯ ಕತ್ತಲಿಗೆ ಮುಂಚಿನ ಕೊನೆಯ ಸೂರ್ಯಾಸ್ತದಲ್ಲೇ ಬಿಡಿಸಿ.

— ಇದರಲ್ಲಿ ಸಮಸ್ಯೆ ಎಲ್ಲಿದೆ ಸರ್? ಅಲಾಸ್ಕಾದ ಉತ್ಕಿಯಾಗ್ವಿಕ್‌ನಲ್ಲಿ ಪ್ರತಿ ವರ್ಷ ನಡೆಯೋದೇ ಇದು. ಊರು 71 ಡಿಗ್ರಿ ಉತ್ತರದಲ್ಲಿದೆ. ನವೆಂಬರ್ 18ರ ಸುಮಾರಿಗೆ ಸೂರ್ಯ ಕೊನೆಯ ಸಲ ಇಣುಕುತ್ತಾನೆ. ಮೂಡುವುದೂ ತೆಂಕಣದಲ್ಲಿ, ಮುಳುಗುವುದೂ ತೆಂಕಣದಲ್ಲಿ. ಆಮೇಲೆ ಸುಮಾರು 65 ದಿನ ಪತ್ತೆ ಇಲ್ಲ.

ಬಡಗಣ ತುದಿಯಲಿ ಚಳಿನಾಡು;
ಗಡಿಯಾರದಲೀಗೊಂದೂವರೆ;
ಇಡಿ ಮೈ ತೋರದೆ ತೆಂಕಣದಿ
ನಡುಹಗಲೇ ರವಿ ಮುಳುಗಿದನು!

— ಒಂದೂವರೆ ಅಂದ್ರೆ ನಡುಹಗಲು ದಾಟಿತಲ್ವಾ?

— ಗಡಿಯಾರಕ್ಕೆ ದಾಟಿ ಒಂದೂವರೆ ಗಂಟೆಯಾಯಿತು, ಸೂರ್ಯನಿಗೆ ಈಗಷ್ಟೇ ದಾಟಿದೆ. ಆ ಊರು ತನ್ನ ಕಾಲವಲಯದ ಪಡುವಣ ಕಡೆಗೆ ತುಂಬಾ ಸರಿದಿದೆ. ಅಲ್ಲಿ ಸೂರ್ಯ ದಿನದ ಅತಿ ಎತ್ತರಕ್ಕೆ ಬರುವ ಹೊತ್ತಿಗೆ ಆ ದಿನಗಳಲ್ಲಿ ಗಡಿಯಾರದಲ್ಲಿ ಮಧ್ಯಾಹ್ನ ಒಂದು ಗಂಟೆ ದಾಟಿರುತ್ತದೆ.

— ದಕ್ಷಿಣ ಧ್ರುವವನ್ನೇ ತಗೊಂಡ್ರೆ? ಅಲ್ಲಿ ವರ್ಷಕ್ಕೆ ಒಂದೇ ಸೂರ್ಯಾಸ್ತ, ಮಾರ್ಚ್ ಮೂರನೇ ವಾರದ ಸುಮಾರಿಗೆ.

— ಅಲ್ಲಿಗೆ ಈ ಸಾಲು ಹೊಂದಲ್ಲ. ಸೂರ್ಯ ದಿಗಂತದ ಸುತ್ತ ಗಾಣದೆತ್ತಿನ ಹಾಗೆ ತಿರುಗುತ್ತಾ ಇಳಿಯುತ್ತಾನೆ. ಬಿಂಬ ಪೂರ್ತಿ ಮರೆಯಾಗಲು ಒಂದು ದಿನಕ್ಕಿಂತ ಜಾಸ್ತಿ ಬೇಕು. ಅಲ್ಲಿನ ಸಂಶೋಧನಾ ಕೇಂದ್ರವಾದ ಅಮುಂಡ್‌ಸೆನ್-ಸ್ಕಾಟ್ ನೆಲೆಯ ಗಡಿಯಾರ ನಡೆಯೋದು ನ್ಯೂಜಿಲೆಂಡ್ ಸಮಯದಲ್ಲಿ. ಅಂಥ ಕಡೆ ಯಾವುದನ್ನು ನಡುಹಗಲು ಅನ್ನೋಣ?

— ನನಗೆ ಲೆಕ್ಕ ಬೇಡ, ನೋಡುವ ಜನ ಸಾಕು:

ಗಡಬಡಿಸುತ ಹೊರಬಂದವರು
ಕಡೆಗಿರಣಕೆ ಮೊಗವೊಡ್ಡಿದರು;
ಹಿಡಿಬಿಸಿಲೂ ಕೈಗೆಟುಕದೆಲೆ
ನಡುಹಗಲೇ ರವಿ ಮುಳುಗಿದನು.

— ಚೆನ್ನಾಗಿದೆ ಮೇಡಂ. ‘ಎಟುಕದೆಲೆ’ಯ ‘ಲೆ’ ಮಾತ್ರ ಮಾತ್ರೆ ತುಂಬಿಸಲು ಬಂದದ್ದು. ಉಳಿದ ಮೂರೂ ಸಾಲು ಸಲೀಸು.

— ನನ್ನದು ಸ್ವಲ್ಪ ತುಂಟ ಪೂರಣ. ಗಾಳಿ ಬೆಳಕನ್ನು ಬಗ್ಗಿಸುವುದರಿಂದ ದಿಗಂತದ ಹತ್ತಿರ ಸೂರ್ಯ ಸುಮಾರು ಅರ್ಧ ಡಿಗ್ರಿ ಮೇಲೆ ಕಾಣುತ್ತಾನೆ. ಅವನ ಬಿಂಬದ ಅಗಲವೂ ಹೆಚ್ಚುಕಮ್ಮಿ ಅಷ್ಟೇ. ಅಂದ್ರೆ ಕೊನೆಯ ದಿನ ಎಲ್ಲರೂ ನೋಡಿ ಬೀಳ್ಕೊಟ್ಟ ಸೂರ್ಯ ಆಗಲೇ ದಿಗಂತದ ಕೆಳಗಿದ್ದ!

ಕಡೆದಿನ ಕಂಡುದು ಬರಿ ಬಿಂಬ;
ಅಡಿಗಿಳಿದಿದ್ದನು ದಿಟದವನು;
ಬಿಡೆ ಗಾಳಿಯು ತನ ಕೈಚಳಕ
ನಡುಹಗಲೇ ರವಿ ಮುಳುಗಿದನು.

— ಭಲೇ! ಇದೇ ಕೈಚಳಕ ಡಚ್ ನಾವಿಕ ಬ್ಯಾರೆಂಟ್ಸ್‌ನ ತಂಡಕ್ಕೆ ತಿರುಗಾಮುರುಗಾ ಆಗಿತ್ತು. 1597ರ ಜನವರಿಯಲ್ಲಿ, ರಷ್ಯದ ಬಡಗಣ ತುದಿಯ ನೊವಾಯಾ ಜೆಮ್ಲ್ಯಾ ದ್ವೀಪಗಳಲ್ಲಿ ಚಳಿಗಾಲ ಕಳೆಯುತ್ತಿದ್ದಾಗ, ಸೂರ್ಯ ಬರಬೇಕಾದ ದಿನಕ್ಕಿಂತ ಸುಮಾರು ಎರಡು ವಾರ ಮುಂಚೆಯೇ ಅವರಿಗೆ ಕಂಡುಬಿಟ್ಟ. ಊರಿಗೆ ಮರಳಿ ಹೇಳಿದರೆ ತಿಳಿದವರೂ ನಂಬಲಿಲ್ಲ.

— ಗ್ರಹಣ ಬೇಡ, ಮೋಡ ಬೇಡ ಅಂದ್ರಲ್ಲ, ಆ ನಿಯಮವನ್ನೇ ಪದ್ಯದೊಳಗೆ ಹಾಕಿದ್ದೇನೆ:

ಗುಡುಗಿಲ್ಲವು ಮುಗಿಲಿಲ್ಲವದೊ;
ತಡೆವವರಿಲ್ಲದ ಬಾನಿನಲಿ
ಪೊಡವಿಯ ಬೆನ್ನೇ ಮರೆಮಾಡೆ
ನಡುಹಗಲೇ ರವಿ ಮುಳುಗಿದನು.

— ಈ ಸಲದ ಮೊದಲ ಸ್ಥಾನ ಇದಕ್ಕೇ. ಭೂಮಿಯ ಅಕ್ಷ 23.4 ಡಿಗ್ರಿ ವಾಲಿರುವುದೇ ಎಲ್ಲಕ್ಕೂ ಮೂಲ. ಅದನ್ನು ಅಂಕಿ ಇಲ್ಲದೆ, ‘ಪೊಡವಿಯ ಬೆನ್ನು’ ಅಂತ ಎರಡೇ ಮಾತಿನಲ್ಲಿ ಮುಗಿಸಿದ್ದೀರಿ. ಡಕಾರವೂ ತಾನಾಗೇ ಬಂದು ಕೂತಿದೆ. ಗುಡುಗನ್ನು ಮಾತ್ರ ಸುಮ್ನೆ ಪ್ರಾಸಕ್ಕೆ ಕರೆಸಿದ್ದೀರಿ. ಆ ಚಳಿಯಲ್ಲಿ ಗುಡುಗು ತೀರಾ ಅಪರೂಪ, ಅದನ್ನು ಇಲ್ಲ ಅನ್ನುವ ಅಗತ್ಯವೇ ಇರಲಿಲ್ಲ.

— ಬೇರೆ ಡಕಾರ ಕೊಡಿ ಸರ್, ಈಗಲೇ ಬದಲಾಯಿಸ್ತೀನಿ.