ಹತ್ತನೇ ಕ್ಲಾಸಿನಲ್ಲಿ ಜೀವವಿಕಾಸದ ಪಾಠ ಇಲ್ಲದಿದ್ದರೆ ನಷ್ಟ ಯಾರಿಗೆ?

ಕಾಳಿತೀರ (ಕಾರವಾರ): ಮಗಳು ಹತ್ತನೇ ಕ್ಲಾಸು, ಸೆಂಟ್ರಲ್ ಸಿಲೆಬಸ್. ಅವಳ ಅಣ್ಣನ ಹಳೇ ಪುಸ್ತಕದಲ್ಲಿ ‘ಹೆರೆಡಿಟಿ ಆ್ಯಂಡ್ ಎವಲ್ಯೂಶನ್’ (ಅನುವಂಶೀಯತೆ ಮತ್ತು ಜೀವವಿಕಾಸ) ಅಂತಿದ್ದ ಪಾಠ ಈಗ ಬರೀ ‘ಹೆರೆಡಿಟಿ’. ಡಾರ್ವಿನ್ನೂ ಇಲ್ಲ, ಪಳೆಯುಳಿಕೆಯೂ ಇಲ್ಲ. ಕೋವಿಡ್ ನಂತರ ಮಕ್ಕಳ ಹೊರೆ ಇಳಿಸಲಿಕ್ಕೆ ಅಂತ ಕೇಂದ್ರದ ಪಠ್ಯಪುಸ್ತಕ ಮಾಡುವ ಎನ್‌ಸಿಇಆರ್‌ಟಿ ತೆಗೆದದ್ದು. 2023ರಲ್ಲಿ 1,800ಕ್ಕೂ ಹೆಚ್ಚು ವಿಜ್ಞಾನಿಗಳು, ಶಿಕ್ಷಕರು ಸಹಿ ಹಾಕಿ ತೆಗೆಯಬೇಡಿ ಅಂದಿದ್ದರು. ಹನ್ನೆರಡನೇ ಕ್ಲಾಸಿನ ಬಯಾಲಜಿಯಲ್ಲಿ ಇದೆಯಲ್ಲ ಅನ್ನಬೇಡಿ, ಇವಳು ಕಾಮರ್ಸ್‌ಗೆ ಹೋಗುವವಳು.

ಘಟ್ಟದ ಮೇಲಿನವ (ಶಿರಸಿ): ಹೋದರೆ ಹೋಗ್ಲಿ ಬಿಡಿ. ಮಂಗ ಮನುಷ್ಯ ಆದದ್ದನ್ನ ಕಂಡವರು ಯಾರು? ನಮ್ಮ ತೋಟಕ್ಕೆ ದಿನಾ ಬರ್ತವೆ, ಬಾಳೆಗೊನೆ ಬಿಟ್ಟರೆ ಬೇರೆ ಯಾವ ಪ್ರಗತಿಯೂ ಕಾಣ್ಲಿಲ್ಲ. ಅಲ್ದೆ ಮತ್ಸ್ಯ, ಕೂರ್ಮ, ವರಾಹ, ನರಸಿಂಹ ಅಂತ ದಶಾವತಾರದಲ್ಲಿ ಮೊದಲೇ ಕ್ರಮವಾಗಿ ಹೇಳಿಯಾಗಿದೆ.

ಕನ್ನಡಶಾಲೆ ಮೇಷ್ಟ್ರು (ಅಂಕೋಲಾ): ಡಾರ್ವಿನ್ ಸುಳ್ಳು, ಆದರೆ ಅದನ್ನೇ ನಮ್ಮವರು ಮೊದಲು ಹೇಳಿದ್ದರು ಅಂತೀರಿ. ಎರಡೂ ಒಟ್ಟಿಗೆ ಹೇಗೆ ಮಾರಾಯ್ರೇ? ಯಾವುದಾದರೂ ಒಂದು ಹಿಡೀರಿ. ‘ಕಂಡವರು ಯಾರು’ ಅಂತ 2018ರಲ್ಲಿ ಕೇಂದ್ರ ಸಚಿವ ಸತ್ಯಪಾಲ್ ಸಿಂಗ್ ಕೂಡ ಕೇಳಿದ್ದರು. ಈಗಿನ ಮಂಗ ಮನುಷ್ಯ ಆಯಿತು ಅಂತ ಯಾರೂ ಹೇಳಿಲ್ಲ. ಇಬ್ಬರಿಗೂ ಹಿಂದೆ ಒಂದೇ ಪೂರ್ವಜ ಇತ್ತು, ಅಷ್ಟೇ.

ಸಿದ್ದಾಪುರದ ಕೂಸು: ಮಂಗನ ಕಾಯಿಲೆ ಮಂಗನಿಗೂ ನಮಗೂ ಬರ್ತದಲ್ಲ. ನೆಂಟಸ್ತಿಕೆಗೆ ಬೇರೆ ಸಾಕ್ಷಿ ಬೇಕಾ?

ಕನ್ನಡಶಾಲೆ ಮೇಷ್ಟ್ರು: ತಂಗಿ, ಆ ವಾದ ನಿಲ್ಲೂದಿಲ್ಲ. ಆ ವೈರಸ್ ಇಲಿಗಳಲ್ಲೂ ಇರ್ತದೆ. ಹುಚ್ಚುನಾಯಿ ರೋಗವೂ ನಮಗೆ ಬರ್ತದೆ.

ಗಜನಿ ಗದ್ದೆ (ಕುಮಟಾ): ನಮ್ಮ ಅಘನಾಶಿನಿ ದಡದ ಕಗ್ಗ ಭತ್ತ ನೋಡಿ. ಗಜನಿಗೆ, ಅಂದರೆ ನದಿ ಸಮುದ್ರ ಸೇರುವಲ್ಲಿನ ತಗ್ಗು ಗದ್ದೆಗೆ, ಉಪ್ಪುನೀರು ನುಗ್ಗಿದರೂ ಸಾಯೂದಿಲ್ಲ. ಬದುಕಿ ತೆನೆ ಬಿಟ್ಟದ್ದನ್ನೇ ಬೀಜಕ್ಕೆ ಇಡ್ತಾ ಬಂದರು ಹಿರಿಯರು. ಆಯ್ಕೆ ಅಂದರೆ ಇದೇ ತಾನೆ?

ಘಟ್ಟದ ಮೇಲಿನವ: ಒಪ್ಪಿದೆ. ಆದರೂ ಅದು ಭತ್ತವೇ ಅಲ್ದಾ? ಬೇರೆ ಜಾತಿ ಎಲ್ಲಾಯ್ತು?

ಕನ್ನಡಶಾಲೆ ಮೇಷ್ಟ್ರು: ಇದು ಕೇಳಬೇಕಾದ ಪ್ರಶ್ನೆ. ಕತ್ತಲೆಕಾನು ಕಾಡಿನ ಹಳ್ಳದಲ್ಲಿ ಕುಂಬಾರ ಕಪ್ಪೆ ಇದೆ, 2014ರಲ್ಲಿ ಹೊಸ ಪ್ರಭೇದ ಅಂತ ಗುರುತಿಸಿದರು. ಗಂಡು ಕೈಯಲ್ಲಿ ಮಣ್ಣು ತಂದು ಮೊಟ್ಟೆಗೆ ಮೆತ್ತುತ್ತದೆ. ಅದರ ಕುಲದಲ್ಲಿ ಮೂವತ್ತಕ್ಕೂ ಹೆಚ್ಚು ಪ್ರಭೇದಗಳಿವೆ, ಎಲ್ಲವೂ ಪಶ್ಚಿಮ ಘಟ್ಟದಲ್ಲಿ ಮಾತ್ರ. ಒಂದೊಂದನ್ನೂ ಬೇರೆಬೇರೆ ಸೃಷ್ಟಿಸಿದ್ದಾದರೆ ಅಷ್ಟನ್ನೂ ಇದೇ ಘಟ್ಟಕ್ಕೆ ಯಾಕೆ ಸುರಿಯಬೇಕಿತ್ತು? ಇಲ್ಲೇ ಇದ್ದ ಒಂದು ಕಪ್ಪೆಯ ಸಂತತಿ ಗುಡ್ಡಗುಡ್ಡಕ್ಕೆ ಬೇರೆಯಾಗಿ ಕೋಟ್ಯಂತರ ವರ್ಷ ಕಳೆಯಿತು ಅಂದರೆ ಲೆಕ್ಕ ಕೂಡ್ತದೆ.

ಘಟ್ಟದ ಮೇಲಿನವ: ಕಪ್ಪೆದು ಬೇಕಾದ್ರೆ ಹೌದು. ಮನುಷ್ಯನದ್ದು ಬೇರೆ.

ಕಾಳಿತೀರ: ಎಲ್ಲರೂ ಬಂದು ನಿಲ್ಲುವ ಜಾಗ ಇದೇ ನೋಡಿ. ಭತ್ತ, ಕಪ್ಪೆ, ನಾಯಿ ತನಕ ತಕರಾರಿಲ್ಲ.

ಕನ್ನಡಶಾಲೆ ಮೇಷ್ಟ್ರು: ತಮಾಷೆ ಏನಂದರೆ, ಉಳಿಸಿಕೊಂಡ ಪಾಠದಲ್ಲಿ ಕ್ರೋಮೋಸೋಮ್ (ಜೀವಕೋಶದೊಳಗೆ ವಂಶವಾಹಿಗಳನ್ನು ಹೊತ್ತ ಎಳೆ) ಇದೆ. ನಮ್ಮಲ್ಲಿ 23 ಜೊತೆ, ಚಿಂಪಾಂಜಿಯಲ್ಲಿ 24. ಹಾಗಾದರೆ ಒಂದು ಜೊತೆ ಎಲ್ಲಿ ಹೋಯಿತು? ಪೂರ್ವಜರ ಎರಡು ಕ್ರೋಮೋಸೋಮ್ ತುದಿಗೆ ತುದಿ ಅಂಟಿ ನಮ್ಮ ಎರಡನೇ ಕ್ರೋಮೋಸೋಮ್ ಆಗಿದೆ. ತುದಿಯಲ್ಲಿ ಮಾತ್ರ ಇರಬೇಕಾದ ಗುರುತು ಅದರ ನಡುಮಧ್ಯೆ ಇನ್ನೂ ಇದೆ. ಮಗಳಿಗೆ ಇದನ್ನ ಹೇಳಿ, ಪಾಠ ತೆಗೆದವರು ಇದನ್ನ ಮರೆತರು ಅಂತ ಕಾಣ್ತದೆ.

ಕಾಳಿತೀರ: ಹೇಳಿದೆ. ‘ಪರೀಕ್ಷೆಗೆ ಬರ್ತದಾ?’ ಅಂದಳು.

ಘಟ್ಟದ ಮೇಲಿನವ: ಮೇಷ್ಟ್ರೇ, ಆ ಅಂಟಿದ್ದರ ಬಗ್ಗೆ ಕನ್ನಡದಲ್ಲಿ ಓದಲಿಕ್ಕೆ ಏನಾದ್ರೂ ಇದ್ರೆ ಹಾಕಿ. ದಶಾವತಾರದ ಮಾತು ಮಾತ್ರ ನಾ ಬಿಡೂದಿಲ್ಲ.